ವಾಸನೆ ನಿಂತ ಮನೆ

ತರೀಕೆರೆಗೆ ರೈಲು ಬಂದ ಹೊಸದರಲ್ಲಿ ಅಮೃತಾಪುರದ ಷಡಕ್ಷರಪ್ಪ ಹೂಸಿನಿಂದಲೇ ಹೆಸರಾಗಿದ್ದ. ತೆಂಗಿನ ತೋಟದ ಒಡೆಯ, ಮಾತು ಮೃದು; ಆದರೆ ಅವನು ಜಗಲಿ ಮೇಲೆ ಕೂತರೆ ಪಕ್ಕದವರು ಒಬ್ಬೊಬ್ಬರಾಗಿ ಎದ್ದುಹೋಗುತ್ತಿದ್ದರು.

ಹೆಂಡತಿ ತೀರ್ಥಮ್ಮ ಮಾತ್ರ ಮೂಗು ಮುಚ್ಚಿದವಳಲ್ಲ. ಮೂಲಂಗಿ ತಿಂದ ದಿನದ ವಾಸನೆ ಬೇರೆ, ಮೊಳಕೆ ಹುರುಳಿಯದು ಬೇರೆ. ಬೆಳ್ಳುಳ್ಳಿಯದಂತೂ ಕೇಳುವುದೇ ಬೇಡ. ಎಲ್ಲ ಅವಳಿಗೆ ಗೊತ್ತು.

"ಗಾಳಿಗೆಲ್ಲಿ ವಾಸ್ನೆ ಅತ್ತೆ? ಉಂಡದ್ದು ಒಳಗೆ ಕೊಳೀತದಲ್ಲ, ಅದ್ರದು. ತಿಪ್ಪೆ ನಾರಿದ್ರೆ ಗೊಬ್ರ ಆಗ್ತಾ ಐತೆ ಅಂತ," ಎನ್ನುತ್ತಿದ್ದಳು.

ಆ ವರ್ಷ ಮಠದ ಗುರುಗಳು ಪಾದಪೂಜೆಗೆ ಅವರ ಮನೆಗೇ ಬರುವುದೆಂದಾಯಿತು. ಅತ್ತೆ ಗುರುಶಾಂತಮ್ಮ ಮಗನನ್ನು ಒಳಗೆ ಕರೆದಳು.

"ಪೂಜೆ ನಡುವೆ ಬಿಟ್ಟುಗಿಟ್ಟೀಯೋ ಮಗನೇ! ಮನೆ ಮಾನ ನಿನ್ನ ಕುಂಡೀಲೈತೆ."

ಮಠದ ವಿಭೂತಿ ತರಿಸಿ ದಿನವೂ ಅವನ ಹೊಟ್ಟೆಗೆ ಬಳಿದಳು, ಹರಕೆ ಹೊತ್ತಳು.

ಪೂಜೆ ಹತ್ತಿರ ಬಂದಂತೆ ವಾಸನೆ ನಿಂತೇ ಹೋಯಿತು. ಅತ್ತೆ ಹಿಗ್ಗಿ ಕೇರಿಗೆಲ್ಲ ಸಕ್ಕರೆ ಹಂಚಿದಳು. ತೀರ್ಥಮ್ಮ ಮಾತ್ರ ಹಿಗ್ಗಲಿಲ್ಲ. ಹುರುಳಿ ಬಡಿಸಿ ನೋಡಿದಳು. ಮೂಗಿಗೆ ಏನೂ ಬರಲಿಲ್ಲ. ಅವನು ಬಯಲಿಗೂ ಹೋಗಲಿಲ್ಲ. ಹೊಟ್ಟೆ ಮುಟ್ಟಿದರೆ ತಮಟೆಯಂತೆ ಬಿಗಿ.

"ಅತ್ತೆ, ಗಾಡಿ ಕಟ್ಸಿ. ತರೀಕೆರೆ ಆಸ್ಪತ್ರೆಗೆ ಹೋಗಾಣ."

"ಗುರುಗಳ ಕೃಪೇಲಿ ವಾಸಿಯಾಗೈತೆ, ಅಪಶಕುನ ನುಡೀಬ್ಯಾಡ ಕಣೇ! ಪೂಜೆ ಮುಗೀಲಿ."

ಷಡಕ್ಷರಪ್ಪ ಬೆವರುತ್ತಲೇ ಪೂಜೆಗೆ ಕೂತ. ಧೂಪ, ಮಲ್ಲಿಗೆ, ಪತ್ರೆ. ಅಷ್ಟು ಒಳ್ಳೆಯ ವಾಸನೆ ಆ ಮನೆಯಲ್ಲಿ ಎಂದೂ ಇರಲಿಲ್ಲ. ತೀರ್ಥಮ್ಮನಿಗೆ ಮಾತ್ರ ಅದು ಸಾವಿನ ಮನೆಯ ಊದುಬತ್ತಿಯಂತೆ ಅನ್ನಿಸಿತು. ಪಾದೋದಕಕ್ಕೆ ಬಗ್ಗಿದ ಗಂಡ ಅಲ್ಲೇ ಮುದುಡಿದ.

ಆಳು ಕರಿಯಪ್ಪ ಗಾಡಿ ಹೊಡೆದ. ದಾರಿಯುದ್ದಕ್ಕೂ ತೀರ್ಥಮ್ಮ ಗಂಡನ ಹೊಟ್ಟೆ ನೀವುತ್ತ, ಕೊರಳ ಲಿಂಗ ಹಿಡಿದು ಬೇಡಿದಳು: ಒಂದೇ ಒಂದು ಹೂಸು ಬರಲಿ ಶಿವನೇ. ಕೆರೆ ಏರಿ ಹತ್ತುವಾಗ ಗಾಡಿ ತುಂಬ ನಾತ ಹೊಡೆಯಿತು.

ಕರಿಯಪ್ಪ ಮೂಗು ಮುಚ್ಚಿಕೊಂಡು ನಕ್ಕ. "ಬಂತು ಕಣವ್ವಾ! ಯಜಮಾನ್ರ ಗಾಳಿ ಬಂತು! ಇನ್ನೇನು ಭಯ ಇಲ್ಲ ಬಿಡಿ!"

ತೀರ್ಥಮ್ಮನಿಗೂ ನಗು ಬಂತು. ಸೆರಗಿನಿಂದ ಗಂಡನ ಮುಖ ಒರೆಸಲು ಬಗ್ಗಿದಳು. ನಾತ ಬರುತ್ತಿದ್ದುದು ಬಾಯಿಂದ. ಕೆಳಗೆ ದಾರಿ ಕಾಣದ್ದು ಮೇಲೇರಿ ಬಂದಿತ್ತು.

"ಬೇಗ ಹೊಡಿ ಕರಿಯಪ್ಪ," ಎಂದಳು.

ತರೀಕೆರೆ ಕಣ್ಣಿಗೆ ಬೀಳುವ ಮೊದಲೇ ಕರಿಯಪ್ಪ ಎತ್ತುಗಳನ್ನು ಊರ ಕಡೆ ತಿರುಗಿಸಬೇಕಾಯಿತು.