ವಧು-ವರ ಕೇಂದ್ರಕ್ಕೆ ನಾನು ಬರೆದುಕೊಟ್ಟ ಪ್ರೋಗ್ರಾಂ

ವಿಜಯನಗರದ ಒಂದು ಸಮುದಾಯ ಭವನದ ಮಹಡಿಯಲ್ಲಿ ಭಾನುವಾರ ಬೆಳಿಗ್ಗೆ ಹತ್ತರಿಂದ ಒಂದರವರೆಗೆ ವಧು-ವರ ಕೇಂದ್ರ ನಡೆಯುತ್ತದೆ. ಅಮ್ಮ ನನಗೆ ಗಂಡು ಹುಡುಕಲು ಐದು ವರ್ಷ ಅಲ್ಲಿಗೆ ತಪ್ಪದೆ ಹೋದಳು. ಯಾವುದಾದರೂ ಆಫೀಸಾಗಿದ್ದರೆ ಅಷ್ಟು ಹಾಜರಾತಿಗೆ ಪ್ರಮೋಷನ್ನೇ ಕೊಡುತ್ತಿದ್ದರು. ಇಲ್ಲಿ ಕೊಡುತ್ತಿದ್ದದ್ದು ಮೂರು ಜೆರಾಕ್ಸ್, ಮೂವರು ಹುಡುಗರ ಬಯೋಡೇಟಾ. ಕೆಂಗೇರಿ ಉಪನಗರದ ಮನೆಗೆ ಬಂದವಳೇ ಅವನ್ನು ಊಟದ ಮೇಜಿನ ಮೇಲೆ ಹರಡುತ್ತಿದ್ದಳು. ಒಬ್ಬ ನನಗಿಂತ ನಾಲ್ಕು ವರ್ಷ ಚಿಕ್ಕವನು, ಇನ್ನೊಬ್ಬನಿಗೆ ಆಗಲೇ ನಿಶ್ಚಿತಾರ್ಥ ಆಗಿರುತ್ತಿತ್ತು, ಮೂರನೆಯವನು ಹೋದ ತಿಂಗಳು ಬಂದವನೇ. ನಾನು ಗೇಲಿ ಮಾಡುತ್ತಿದ್ದೆ. ನಿಜ ಹೇಳಬೇಕೆಂದರೆ ಕಾಯುತ್ತಲೂ ಇದ್ದೆ. ಮೂವತ್ತಾರಕ್ಕೆ ಆಸೆ ಬಿಡಬೇಕು ಎಂದು ನನಗೆ ಯಾರೂ ನೋಟಿಸು ಕೊಟ್ಟಿರಲಿಲ್ಲ.

ಕೇಂದ್ರದ ಕಾರ್ಯದರ್ಶಿಗಳು ನಿವೃತ್ತ ಅಧಿಕಾರಿ. ಹುಡುಗರದೊಂದು, ಹುಡುಗಿಯರದೊಂದು ಎಂದು ಎರಡು ಎಕ್ಸೆಲ್ ಶೀಟು ಮಾಡಿಸಿದ್ದರು. ಮಾಡಿಸಿ, ಎರಡನ್ನೂ ಪ್ರಿಂಟ್ ತೆಗೆಸಿ, ಅಕ್ಕಪಕ್ಕ ಇಟ್ಟು, ಸ್ಕೇಲು ಹಿಡಿದು ಸಾಲು ಸಾಲಾಗಿ ಹೋಲಿಸುತ್ತಿದ್ದರು. ಇದಕ್ಕೆ ಅವರು ಇಟ್ಟ ಹೆಸರು ಕಂಪ್ಯೂಟರೀಕರಣ.

ಅಮ್ಮ ಅವರ ಮುಂದೆ ನನ್ನ ಬಗ್ಗೆ ಜಂಬ ಕೊಚ್ಚಿರಬೇಕು. ಒಂದು ದಿನ ಅವರ ಫೋನ್ ಬಂತು.

"ಅದೇನೋ ಪೈಥಾನ್ ಅಂತ ಕಂಪ್ಯೂಟರ್ ಭಾಷೆ ಬರುತ್ತಂತಲ್ಲಮ್ಮ ನಿನಗೆ? ಭಾನುವಾರ ಹೇಗೂ ಮನೇಲೇ ಇರ್ತೀಯ. ಸ್ವಲ್ಪ ಬಂದು ಸಹಾಯ ಮಾಡು."

ನಾನು ಭಾನುವಾರ ಮನೆಯಲ್ಲೇ ಇರುವುದಕ್ಕೆ ಅವರ ಕೇಂದ್ರದ ಕೊಡುಗೆಯೂ ಇದೆ ಎಂದು ಹೇಳಲು ಬಾಯಿ ಬರಲಿಲ್ಲ. ಹೋದೆ. ಎರಡು ಶೀಟುಗಳನ್ನು ಓದಿ, ಯಾರಿಗೆ ಯಾರು ಹೊಂದುತ್ತಾರೆ ಎಂದು ತಾನೇ ಪಟ್ಟಿ ಮಾಡುವ ಪುಟ್ಟ ಪ್ರೋಗ್ರಾಂ ಅವರಿಗೆ ಬೇಕಿತ್ತು. ಶರತ್ತುಗಳನ್ನು ಅವರೇ ಹೇಳಿ ಬರೆಸಿದರು. ಹುಡುಗ ಹುಡುಗಿಗಿಂತ ಎರಡರಿಂದ ಐದು ವರ್ಷ ದೊಡ್ಡವನಿರಬೇಕು. ಎರಡಿಂಚಾದರೂ ಎತ್ತರ ಇರಬೇಕು.

"ಸಂಬಳ?" ಎಂದೆ.

"ಹುಡುಗಂದೇ ಜಾಸ್ತಿ ಇರ್ಬೇಕಮ್ಮ. ಇಲ್ಲಾಂದ್ರೆ ಮನೇಲಿ ಶಾಂತಿ ಇರಲ್ಲ."

ಸಮಾಜದ ಅಷ್ಟೂ ಮನೆಗಳ ಶಾಂತಿಯನ್ನು ಒಂದೇ ಸಾಲಿನಲ್ಲಿ ಬರೆದು ಮುಗಿಸಿದೆ. ಶೀಟು ಸರಿಮಾಡುವುದಕ್ಕೇ ಎರಡು ಸಂಜೆ ಹಿಡಿಯಿತು. ಎತ್ತರದ ಕಾಲಂನಲ್ಲಿ ಒಬ್ಬರು "ಅಪ್ಪನಷ್ಟು" ಎಂದು ತುಂಬಿಸಿದ್ದರು. ಪೈಥಾನಿಗೆ ಅವರ ಅಪ್ಪ ಪರಿಚಯವಿಲ್ಲ. ನನ್ನ ವಯಸ್ಸು, ನನ್ನ ಐದಡಿ ಎಂಟಿಂಚು, ನನ್ನ ಸಂಬಳ ಈ ಶರತ್ತುಗಳ ಮುಂದೆ ಏನಾಗುತ್ತವೆ ಎಂದು ಬರೆಯುವಾಗ ಅರ್ಧ ಗೊತ್ತೇ ಇತ್ತು. ಇಷ್ಟೊಂದು ಗಂಡಸರಲ್ಲಿ ಒಬ್ಬನಾದರೂ ಉಳಿಯುತ್ತಾನೆ ಎಂಬ ಧೈರ್ಯದ ಮೇಲೆ ಬರೆದೆ.

ಮುಂದಿನ ಭಾನುವಾರ ಉದ್ಘಾಟನೆ. ಲ್ಯಾಪ್‌ಟಾಪಿಗೆ ವಿಭೂತಿ ಹಚ್ಚಿ, ಕೀಬೋರ್ಡ್ ಮೇಲೆ ಒಂದು ಸೇವಂತಿಗೆ ಇಟ್ಟು, ತಂತ್ರಜ್ಞಾನದ ಮೇಲೆ ಅರ್ಧ ಗಂಟೆ ಭಾಷಣ ಮಾಡಿದರು. ಆಮೇಲೆ ಕಾರ್ಯದರ್ಶಿಗಳು ದೊಡ್ಡ ಮನಸ್ಸು ಮಾಡಿ, "ನಮ್ಮ ಹುಡುಗೀದೇ ಮೊದಲು ನೋಡೋಣ" ಎಂದರು. ಅಮ್ಮ ಎದ್ದು ಬಂದು ನನ್ನ ಬೆನ್ನ ಹಿಂದೆ ನಿಂತಳು. ನನ್ನ ನೋಂದಣಿ ಸಂಖ್ಯೆ ಹಾಕಿ ಎಂಟರ್ ಒತ್ತಿದೆ. ಸ್ಕೇಲು ಹಿಡಿದು ಒಂದು ಬೆಳಿಗ್ಗೆ ಪೂರ್ತಿ ಮಾಡುತ್ತಿದ್ದ ಕೆಲಸ ರೆಪ್ಪೆ ಮುಚ್ಚಿ ತೆರೆಯುವಷ್ಟರಲ್ಲಿ ಮುಗಿಯಿತು. ಹೊಂದುವ ವರರು: 0.

"ಇನ್ನೊಂದ್ಸಲ ಒತ್ತೇ," ಎಂದಳು ಅಮ್ಮ ಮೆಲ್ಲಗೆ. "ಬೇಗ ಒತ್ತಿಬಿಟ್ಟೆ ಅನ್ಸುತ್ತೆ."

ನಿಧಾನವಾಗಿ ಒತ್ತಿದೆ. 0.

ಅಮ್ಮ ಕಾರ್ಯದರ್ಶಿಗಳ ಕಡೆ ತಿರುಗಿದಳು. "ನೀವು ನೋಡಿದಾಗ ವಾರಕ್ಕೆ ಮೂರು ಸಿಗ್ತಿತ್ತಲ್ಲ ಸಾರ್?"

ಅವರು ಕನ್ನಡಕ ತೆಗೆದು ಒರೆಸುತ್ತಾ ನಿಂತರು. "ಅಷ್ಟು ದೂರದಿಂದ ಬರ್ತಿದ್ರಿ. ಬರಿಗೈಲಿ ಕಳಿಸೋಕೆ ಮನಸ್ಸು ಬರ್ತಿರಲಿಲ್ಲಮ್ಮ."

ಐದು ವರ್ಷ ನಾನು ನಗೆಯಾಡಿದ ಆ ಜೆರಾಕ್ಸ್‌ಗಳೆಲ್ಲ ಈ ಮನುಷ್ಯನ ದಾಕ್ಷಿಣ್ಯ. ಅದನ್ನು ಅವರು ಶರತ್ತುಗಳಲ್ಲಿ ಹೇಳಿ ಬರೆಸಿರಲಿಲ್ಲ, ನಾನೂ ಕೇಳಿರಲಿಲ್ಲ. ನನಗೆ ತುಂಬಾ ನಾಚಿಕೆಯಾಯಿತು. ಅಮ್ಮನ ಮುಖ ನೋಡಲಾಗದೆ, ಹೂವು ತೆಗೆದು ಪಕ್ಕಕ್ಕಿಟ್ಟು ಮುಂದಿನ ಸಂಖ್ಯೆ ಹಾಕಿದೆ. ಆ ಹುಡುಗಿಗೆ ನಲವತ್ತೊಂದು ವರರ ಹೆಸರು ಬಂದವು. ಎಲ್ಲರೂ ಚಪ್ಪಾಳೆ ತಟ್ಟಿದರು.

ವಾಪಸ್ ಬರುವಾಗ ಮೆಟ್ರೋದಲ್ಲಿ ಅಮ್ಮ ನಾಯಂಡಹಳ್ಳಿ ದಾಟುವವರೆಗೂ ಕಿಟಕಿಯ ಹೊರಗೇ ನೋಡುತ್ತಿದ್ದಳು. ಅಳುತ್ತಾಳೇನೋ ಎಂದು ಹೆದರಿದ್ದೆ. ಸಮಾಧಾನಕ್ಕೆ, ವಯಸ್ಸಿನ ಶರತ್ತು ಸ್ವಲ್ಪ ಸಡಿಲ ಮಾಡಿದರೆ ಒಂದಿಬ್ಬರು ಬರಬಹುದು ಎಂದೆ.

ಜ್ಞಾನಭಾರತಿ ನಿಲ್ದಾಣ ಬಂದಾಗ ನನ್ನ ಕಡೆ ತಿರುಗಿದಳು. "ಅಲ್ಲ ಕಣೇ, ನಿನಗೆ ಎಂಥವನು ಬೇಕು? ಇಷ್ಟು ವರ್ಷ ಓಡಾಡಿದೆ, ನಿನ್ನನ್ನ ಒಂದ್ಸಲಾನೂ ಕೇಳಲಿಲ್ಲ ನೋಡು."

"ಯೋಚ್ನೆ ಮಾಡಿ ಹೇಳ್ತೀನಮ್ಮ," ಎಂದೆ.

ಯೋಚಿಸಿದೆ. ಇಡೀ ಸಮಾಜದ ಶರತ್ತುಗಳನ್ನು ತಪ್ಪಿಲ್ಲದೆ ಬರೆದುಕೊಟ್ಟವಳಿಗೆ ಕೆಂಗೇರಿಯಲ್ಲಿ ಇಳಿಯುವವರೆಗೂ ತನ್ನದು ಅನ್ನುವಂಥ ಒಂದು ಶರತ್ತೂ ಹೊಳೆಯಲಿಲ್ಲ.