ರೈಲಿನಲ್ಲಿ ಕೂಗಿದ ಚೀಟಿ

ಊರಿಗಾಂನಲ್ಲಿ ಬೆಳಗಿನ ರೈಲು ಹತ್ತಿ, ಸಾಲ ತೀರಿಸಲಾಗದೆ ಕೈಚೆಲ್ಲಿದ ದೇಶವೊಂದರ ಸುದ್ದಿ ಓದುತ್ತಿದ್ದೆ. ಸಾಲ ಕೊಟ್ಟವರಿಗೆ ಅನುಮಾನ ಬಂದು ಬಡ್ಡಿ ಏರಿಸಿದರಂತೆ. ಆ ಬಡ್ಡಿಯೇ ದೇಶವನ್ನು ಮುಳುಗಿಸಿತಂತೆ. ಚೇತರಿಸಿಕೊಳ್ಳಲು ಇದ್ದದ್ದನ್ನು ಒತ್ತೆಯಿಟ್ಟು ನಂಬಿಕೆ ಗಳಿಸಬೇಕೆಂದು ಪಂಡಿತರೊಬ್ಬರು ಬರೆದಿದ್ದರು.

ಅಷ್ಟರಲ್ಲಿ ಎದುರು ಸೀಟಿನಲ್ಲಿ ಚೀಟಿ ಕೂಗತೊಡಗಿದರು. ದಿನಾ ಬೆಂಗಳೂರಿಗೆ ಕೆಲಸಕ್ಕೆ ಹೋಗುವವರೇ ಸೇರಿ ಕಟ್ಟುವ ಚೀಟಿ. ಹೆಚ್ಚು ಹಣ ಬಿಟ್ಟುಕೊಡುವವರಿಗೆ ಆ ತಿಂಗಳ ಚೀಟಿ ಸಿಗುತ್ತದೆ.

ಮಂಜುಳಾ ಎಂಬಾಕೆ ಮೊದಲ ಕೂಗಿಗೇ, "ಕಾಲು ಭಾಗ ಬಿಡ್ತೀನಿ" ಅಂದಳು.

ಎಲ್ಲರೂ ಅವಳ ಕೊರಳು ನೋಡಿದರು, ಸರ ಇದೆಯೋ ಒತ್ತೆಗೆ ಹೋಗಿದೆಯೋ ಎಂದು. ನಾನೂ ನೋಡಿದೆ. ಇತ್ತು.

"ಮನೇಲಿ ಏನಾರ ಆಯ್ತಾ ಮಂಜುಳಾ?" ಚೀಟಿ ನಡೆಸುವ ರತ್ನಕ್ಕ ಕೇಳಿದಳು.

"ಏನೂ ಇಲ್ಲಕ್ಕ. ಬೇತಮಂಗಲದಾಗೆ ಕರೆಯೋ ಸೀಮೆ ಅಸು ಮಾತಾಡಿದೀನಿ. ಈ ವಾರ ದುಡ್ಡು ಕೊಡ್ದಿದ್ರೆ ಬೇರೆಯವ್ರು ಒಡ್ಕೊಂಡೋಗ್ತಾರೆ."

"ಒಂದು ಅಸೂಗೆ ಈ ಪಾಟಿ ಬಿಡ್ತಾರಾ?" ಅವಳಿಗೆ ಜಾಮೀನು ನಿಲ್ಲುವೆನೆಂದಿದ್ದ ಕಿಟಕಿ ಪಕ್ಕದವನು ಗೊಣಗಿದ. "ನಾನು ಶೂರಿಟಿ ಆಕಲ್ಲ, ಬಿಡ್ರಪ್ಪ."

ಮಂಜುಳಾ ಸರ ಬಿಚ್ಚಿ ರತ್ನಕ್ಕನ ಕೈಗಿಟ್ಟಳು. ರತ್ನಕ್ಕ ಅದನ್ನು ಕರವಸ್ತ್ರದಲ್ಲಿ ಸುತ್ತಿಕೊಂಡು ಚೀಟಿ ಅವಳಿಗೇ ಅಂದಳು. ಪಂಡಿತರು ಹೇಳಿದ ಹಾಗೇ ನಡೆಯಿತಲ್ಲ ಎಂದುಕೊಂಡೆ.

ಬಂಗಾರಪೇಟೆಯಲ್ಲಿ ಮಂಜುಳಾಳ ಪರಿಚಯದ ಇಬ್ಬರು ಹೆಂಗಸರು ಹತ್ತಿದರು. ಅವಳನ್ನು ನೋಡಿ ನಕ್ಕು, ಮುಂದೆ ಬಂದು ನನ್ನ ಪಕ್ಕ ಕೂತರು.

"ಕತ್ತು ನೋಡಿದ್ಯೇನೇ? ಸರಾನೇ ಇಲ್ಲ," ಒಬ್ಬಳು ಪಿಸುಗುಟ್ಟಿದಳು. "ನಮ್ ಚೀಟಿಗೆ ಇವಳ್ನ ಸೇರಿಸ್ಕೊಬ್ಯಾಡ."