ಲಗ್ನಪತ್ರಿಕೆಯ ಪ್ಯಾಕಿಂಗು

ಆ ಮೇಸ್ತ್ರಿಯ ಬಲಗೈ ಮೊಣಕೈಯವರೆಗೂ ಸುಟ್ಟು, ವಾಸಿಯಾದ ಮೇಲೆ ಬದನೆಕಾಯಿ ಸಿಪ್ಪೆಯ ಹಾಗೆ ನುಣ್ಣಗೆ ಹೊಳೆಯುತ್ತಿತ್ತು. ತುಂಬಿದ ಬಸುರಿಯನ್ನು ಕಾಪಾಡಲು ಹೋಗಿ ಸುಟ್ಟುಕೊಂಡೆ ಎಂದು ಅರಸೀಕೆರೆಯಲ್ಲೆಲ್ಲ ಹೇಳಿಕೊಂಡು ತಿರುಗಿದ. ಸುಳ್ಳು. ಕುದಿಯುತ್ತಿದ್ದ ರೇಡಿಯೇಟರಿನ ಮುಚ್ಚಳವನ್ನು ಬರಿಗೈಯಲ್ಲಿ ತಿರುಗಿಸಿದ, ಸುಟ್ಟಿತು. ನಡೆದದ್ದು ಅಷ್ಟೇ. ಅವನು ಸತ್ತ ದಿನ ಅವನ ಗಾಡಿ ರಿಪೇರಿ ಷೆಡ್ಡಿನ ಮುಂದೆ ಸೇರಿದವರೂ ಅದೇ ಕಥೆ ಹೇಳಿ ಕಣ್ಣೊರೆಸಿಕೊಂಡರು. ಆ ಬಸುರಿ ನನ್ನ ಮಗಳು. ಅಲ್ಲಿ ನಾನಿದ್ದೆ.

ನನ್ನ ಮಗ ಒಂದು ಹಳೇ ವ್ಯಾನು ಓಡಿಸುತ್ತಿದ್ದ. ಅದರ ಎಂಜಿನ್ನು ಬಿಚ್ಚಿ ಕಟ್ಟಿದವನು ಈ ಮೇಸ್ತ್ರಿ. ಕೆಲಸಕ್ಕಿಂತ ಬಾಯಿ ಮುಂದು. ಆ ಬಾಯಲ್ಲಿ ಸದಾ ಎಲೆಅಡಿಕೆ. ಎಂಜಿನ್ನಿಗೆ ಕಿವಿಯಿಟ್ಟು, ನಾಡಿ ಹಿಡಿದ ಪಂಡಿತನ ಹಾಗೆ ಕಣ್ಣು ಮುಚ್ಚಿ ತಲೆಯಾಡಿಸುವನು. ಬಿಚ್ಚಿದ ನಟ್ಟುಗಳಲ್ಲಿ ಕೆಲವು ಮಿಕ್ಕರೆ, "ಕಂಪನಿಯೋರು ದಂಡಕ್ಕೆ ಹಾಕಿರ್ತಾರೆ" ಎನ್ನುವನು.

ಗಾಡಿ ಮನೆಗೆ ಬಂದ ಮಾರನೆಯ ದಿನವೇ ಅದರ ಕೆಳಗೆ ನೆಲ ಒದ್ದೆ. ಕರೆಸಿ ತೋರಿಸಿದೆ.

"ಹೊಸದಾಗಿ ಕಟ್ಟಿದ ಎಂಜಿನ್ನು ಕಣವ್ವ, ಮೊದಮೊದಲು ಬೆವರ್ತೈತೆ."

"ಬೆವರೋಕೆ ಅದೇನು ಎತ್ತೇನಯ್ಯ?"

ನನ್ನ ಅಡಿಗೆಮನೆಯಿಂದಲೇ ಒಂದು ಹಿಡಿ ಅರಿಶಿನದ ಪುಡಿ ಇಸಿದುಕೊಂಡು ರೇಡಿಯೇಟರಿಗೆ ಸುರಿದ. ಅರಿಶಿನ ಹೋಗಿ ಸಂದಿಯಲ್ಲಿ ಕೂರುತ್ತದಂತೆ. ಸೋರುವುದು ನಿಂತಿತು. ಮೇಸ್ತ್ರಿ ಮೀಸೆ ತಿರುವಿದ.

ಮಗಳನ್ನು ಬಾಣಂತನಕ್ಕೆ ಅವಳ ಗಂಡನ ಊರು ಬಿಕ್ಕೋಡಿನಿಂದ ಕರೆತರಬೇಕಿತ್ತು. ದಿನ ತುಂಬುತ್ತ ಬಂದಿತ್ತು, ಬಸ್ಸಿನ ಕುಲುಕಾಟ ಬೇಡವೆಂದಿದ್ದರು ಡಾಕ್ಟರು. ಬೇರೆ ಗಾಡಿ ಮಾಡು ಎಂದರೆ ಮಗ ಕೇಳಲಿಲ್ಲ. "ನಾನೇ ಜೊತೇಲಿ ಬತ್ತೀನಿ, ಒಂದು ತೊಟ್ಟು ಬಿದ್ರೆ ಕೇಳಿ" ಎಂದು ಮೇಸ್ತ್ರಿ ಮುಂದಿನ ಸೀಟಿನಲ್ಲಿ ಕೂತ.

ಹೋಗುವಾಗ ಏನೂ ಆಗಲಿಲ್ಲ. ಮಗಳನ್ನು ಕೂರಿಸಿಕೊಂಡು ಬರುವಾಗ, ಹಳೇಬೀಡು ದಾಟಿದ ಸ್ವಲ್ಪ ದೂರಕ್ಕೆ ಬುಸ್ಸೆಂದು ಹಬೆ ಎದ್ದು ಗಾಡಿ ನಿಂತಿತು. ರಸ್ತೆಗೆಲ್ಲ ಹಳದಿ ನೀರು. ಮಗಳು ಹೊಟ್ಟೆ ಹಿಡಿದುಕೊಂಡು, "ಅವ್ವಾ, ಸೊಂಟ ಹಿಡೀತೈತೆ" ಎಂದಳು. ರಸ್ತೆಯಲ್ಲೇ ಹೆರಿಗೆಯಾಗುತ್ತದೇನೋ ಎಂದುಕೊಂಡು ಅವಳ ಸೊಂಟ ನೀವತೊಡಗಿದೆ.

ಮೇಸ್ತ್ರಿ ಇಳಿದು ಮುಚ್ಚಳಕ್ಕೆ ಕೈ ಹಾಕಿದ. "ಆರಲಿ ತಡೀರಿ" ಎಂದ ಮಗ.

"ನಂಗೇ ಹೇಳ್ಕೊಡ್ತೀಯೇನ್ಲಾ?" ಎಂದು ತಿರುಗಿಸಿಯೇ ಬಿಟ್ಟ.

ಕುದಿನೀರು ಚಿಮ್ಮಿತು. ಮಗಳು ಆಗ ಹಿಂದಿನ ಸೀಟಿನಲ್ಲಿದ್ದಳು, ಒಂದು ಹನಿಯೂ ಅವಳಿಗೆ ತಾಗುವಂತಿರಲಿಲ್ಲ. ಅವಳಿಗೆಂದು ತಂದಿದ್ದ ಕುಡಿಯುವ ನೀರನ್ನೆಲ್ಲ ಇವನ ಕೈಗೆ ಸುರಿಯಬೇಕಾಯಿತು. ಅಷ್ಟು ಕಿರುಚುವಾಗಲೂ ಪುಣ್ಯಾತ್ಮ ಎಲೆಅಡಿಕೆ ಉಗುಳಲಿಲ್ಲ.

ಎಂಜಿನ್ನು ಆರಿದ ಮೇಲೆ ಮಗ ನೀರಿನ ಪಂಪು ಬಿಚ್ಚಿದ. ಎರಡು ಕಬ್ಬಿಣದ ನಡುವೆ ನೀರು ಸೋರದಂತೆ ಪ್ಯಾಕಿಂಗು ಎಂದು ದಪ್ಪ ಹಾಳೆ ಹಾಕುತ್ತಾರೆ. ಅಲ್ಲಿಂದ ಬಂದದ್ದು ನೆಂದು ಮುದ್ದೆಯಾದ ಕಾಗದ. ಮೂಲೆಯಲ್ಲಿ ಗಣಪತಿಯ ಸೊಂಡಿಲು, ಕೆಳಗೆ "ಚಿ. ಸೌ.", ಪಕ್ಕದಲ್ಲಿ ಅರ್ಧ ಹೆಸರು. ಮಗಳು ಇಣುಕಿ ನೋಡಿ, "ಅವ್ವಾ, ಇದು ನನ್ ಲಗ್ನಪತ್ರಿಕೆ ಕಣವ್ವಾ!" ಎಂದು ಆ ನೋವಿನಲ್ಲೂ ನಕ್ಕಳು.

ಅಂಚಿಗೆ ಅರಿಶಿನ ಹಚ್ಚಿ, ನಾನೇ ಷೆಡ್ಡಿಗೆ ಹೋಗಿ ಅವನ ಕೈಗೆ ಕೊಟ್ಟಿದ್ದ ಪತ್ರಿಕೆ.

"ಮದುವೇಲಿ ಕೇಳಿ ಕೇಳಿ ಹೋಳಿಗೆ ಹಾಕಿಸ್ಕೊಂಡ್ಯಲ್ಲಯ್ಯ, ಪತ್ರಿಕೇನ ಇದಕ್ಕೆ ತುರುಕಿದ್ಯಾ?"

"ಅಂಗಡೀಲಿ ಸಿಗೋದು ಇಷ್ಟು ಗಟ್ಟಿ ಇರಲ್ಲ ಕಣವ್ವ. ಒಳ್ಳೇ ಕಾಗದ ಅಂತ್ಲೇ ಮಡಗಿದ್ದೆ" ಎಂದ, ಬೆಂದ ಕೈಯನ್ನು ಉಫ್ ಉಫ್ ಎಂದು ಊದಿಕೊಳ್ಳುತ್ತ. ಮುಖದಲ್ಲಿ ನಾಚಿಕೆಯೇ ಇಲ್ಲ.

ಮಗ ಹಳೇಬೀಡಿಗೆ ನಡೆದು ಹೋಗಿ ಸರಿಯಾದ ಪ್ಯಾಕಿಂಗು ತಂದು ಹಾಕಿ, ಪಕ್ಕದ ತೋಟದ ಪಂಪ್‌ಸೆಟ್ಟಿನಿಂದ ನೀರು ತುಂಬಿದ. ಆಮೇಲೆ ಆ ವ್ಯಾನು ಮಾರುವವರೆಗೂ ಸೋರಲಿಲ್ಲ. ಮಗಳ ನೋವು ದಾರಿಯಲ್ಲೇ ತಗ್ಗಿತು. ಸಂಜೆಗೆ ಮನೆ ಸೇರಿದೆವು.

ಇಳಿಯುವಾಗ ಮೇಸ್ತ್ರಿ ನನ್ನ ಹತ್ತಿರ ಬಂದು ಮೆಲ್ಲಗೆ, "ಆ ಪತ್ರಿಕೆ ಇನ್ನೂ ಮಿಕ್ಕಿದ್ರೆ ಒಂದೆರಡು ಕೊಡವ್ವ" ಎಂದ.

ಮಾರನೆಯ ಬೆಳಿಗ್ಗೆ ಅಟ್ಟ ಹತ್ತಿ, ಮಿಕ್ಕಿದ್ದ ಪತ್ರಿಕೆಗಳನ್ನೆಲ್ಲ ಇಳಿಸಿದೆ. ಗಣಪತಿಯಿದ್ದ ಮೂಲೆಗಳನ್ನು ಕತ್ತರಿಸಿ ದೇವರಗೂಡಿನಲ್ಲಿಟ್ಟು, ಉಳಿದದ್ದನ್ನು ಕಾಯಿಮಟ್ಟೆಯ ಜೊತೆ ಬಚ್ಚಲೊಲೆಗೆ ತುರುಕಿದೆ. ಕಾಗದ ಗಟ್ಟಿಯೇ, ಹೊತ್ತಿಕೊಳ್ಳಲು ತಡವಾಯಿತು. ಮಗಳ ಸ್ನಾನಕ್ಕೆ ಒಂದು ಹಂಡೆ ನೀರು ಕಾಯಿತು.